ಎದೆಯ ಮೇಲಿನ ನೊಗ, ಹೆಗಲ ಮೇಲಿನ ನೊಗ

‘ಫ್ಯಾಸಿಸ್ಟ್’ ಎಂಬ ಮಾತನ್ನು ನಾವು ಬೈಗುಳ ಮಾಡಿ ಸವೆಸಿಬಿಟ್ಟಿದ್ದೇವೆ. ಕಂಡಕ್ಟರು ಚಿಲ್ಲರೆ ಕೊಡದಿದ್ದರೂ ಫ್ಯಾಸಿಸ್ಟ್, ಹೆಡ್‌ಮಾಸ್ತರು ರಜೆ ಕೊಡದಿದ್ದರೂ ಫ್ಯಾಸಿಸ್ಟ್. ಹೀಗೆ ಕಂಡಕಂಡವರನ್ನೆಲ್ಲ ಅದೇ ಹೆಸರಿನಿಂದ ಕರೆದು ಕರೆದು, ನಿಜವಾದ ಫ್ಯಾಸಿಸ್ಟ್ ಎದುರಿಗೆ ಬಂದು ನಿಂತಾಗ ಗುರುತು ಹಿಡಿಯುವ ಕಣ್ಣನ್ನೇ ಕಳೆದುಕೊಂಡರೆ ಏನು ಗತಿ? ಯಾಕಂದ್ರೆ ಅವನು ಮೊದಲು ಬರುವಾಗ ಧಣಿಯ ವೇಷದಲ್ಲಿ ಬರುವುದಿಲ್ಲ. ಕೂಲಿಕಾರನ ಅಂಗಿ ತೊಟ್ಟು, ಕೂಲಿಕಾರನ ಬಾವುಟ ಹಿಡಿದು, ಕೂಲಿಕಾರನ ಸಿಟ್ಟಿನ ಮಾತನ್ನೇ ಆಡುತ್ತ ಬರುತ್ತಾನೆ.

ಇದನ್ನು ಕಲಿಯುವುದಕ್ಕೆ ಸ್ಪೇನಿನ ಫಲಾಂಜ್ ಪಕ್ಷ ಒಳ್ಳೆಯ ಪಾಠ. ಮುಸೊಲಿನಿ, ಹಿಟ್ಲರರ ಕಥೆ ನಮ್ಮ ಓದುಗರಿಗೆ ಅಷ್ಟಿಷ್ಟು ಗೊತ್ತು. ಸ್ಪೇನ್ ಅಂದರೆ ಬಹಳ ಮಂದಿಗೆ ಪಿಕಾಸೊನ ‘ಗೆರ್ನಿಕಾ’, ಲೋರ್ಕಾನ ಸಾವು, ಫ್ರಾಂಕೊ ಎಂಬ ಜನರಲ್, ಅಷ್ಟೆ. ಆದರೆ ಆ ಜನರಲ್ಲಿಗೆ ಭಾಷೆ, ಹಾಡು, ಬಾವುಟ ಎಲ್ಲವನ್ನೂ ಮುಂಚೆಯೇ ಹೊಲಿದಿಟ್ಟ ಪಕ್ಷವೊಂದಿತ್ತು. ಆ ಪಕ್ಷವನ್ನು ಒಂದು ಕೃತಿಯನ್ನು ಓದುವ ಹಾಗೆ ಓದಿ ನೋಡೋಣ ಎಂಬುದು ನಮ್ಮ ಉದ್ದೇಶ. ವಿಮರ್ಶೆ ಅಂದರೆ ಕಥೆ ಕವನಗಳನ್ನು ಮಾತ್ರ ಮುಟ್ಟಬೇಕಾದ ಮಡಿಯ ಕೆಲಸ ಎಂಬುದನ್ನು ನಾವು ಒಪ್ಪಿದವರಲ್ಲ. ಜನರನ್ನು ಕೊಲ್ಲಿಸಿದ ಮಾತು ಕೂಡ ಸಾಹಿತ್ಯವೇ. ಅದಕ್ಕೂ ವಿಮರ್ಶೆ ಬೇಕು.

ಲಾಂಛನದಿಂದ ಶುರು ಮಾಡೋಣ. ಒಂದು ನೊಗ, ಅದರ ಮೇಲೆ ಐದು ಬಾಣಗಳ ಕಂತೆ. ಇದು ಹದಿನೈದನೆಯ ಶತಮಾನದ ಕೊನೆಯಲ್ಲಿ ಆಳಿದ ಇಸಬೆಲ್ ಮತ್ತು ಫರ್ನಾಂಡೊ ಎಂಬ ರಾಜದಂಪತಿಗಳ ಮುದ್ರೆ. 1492ರಲ್ಲಿ ಯೆಹೂದಿಗಳಿಗೆ ‘ಕ್ರೈಸ್ತರಾಗಿ, ಇಲ್ಲವೆ ದೇಶ ಬಿಡಿ’ ಎಂದವರು ಇವರೇ. 1499ರಲ್ಲಿ ಜಿಪ್ಸಿಗಳಿಗೆ ‘ಅಲೆಯುವುದು ಬಿಟ್ಟು ಒಬ್ಬ ಧಣಿಯ ಕೈಕೆಳಗೆ ನಿಲ್ಲಿ, ಇಲ್ಲವೆ ಛಡಿಯೇಟು ತಿಂದು ಗಡಿ ದಾಟಿ’ ಎಂದು ಕಟ್ಟಳೆ ಮಾಡಿದವರೂ ಇವರೇ. ಇವರಿಗೂ ಮೊದಲೇ, 1449ರಲ್ಲಿ, ತೊಲೆದೊ ನಗರದಲ್ಲಿ ‘ರಕ್ತಶುದ್ಧಿ’ಯ ಕಟ್ಟಳೆಯೊಂದು ಹುಟ್ಟಿತ್ತು. ಯೆಹೂದಿ ಮೂಲದವನು ಕ್ರೈಸ್ತನಾದರೂ ಅವನಿಗೆ ನಗರದಲ್ಲಿ ಹುದ್ದೆ ಇಲ್ಲ. ದೇವರನ್ನು ಬದಲಾಯಿಸಬಹುದು, ಹುಟ್ಟನ್ನು ಬದಲಾಯಿಸಲಾಗದು. ಈ ಮಾತು ನಮಗೆ ಎಲ್ಲೋ ಕೇಳಿದ ಹಾಗಿದೆಯಲ್ಲವೆ? ನಮ್ಮ ಜಾತಿಗೆ ಇಂಗ್ಲಿಷಿನಲ್ಲಿ ಹೇಳುವ ‘ಕಾಸ್ಟ್’ ಎಂಬ ಪದ ಬಂದದ್ದೂ ಆ ಪರ್ಯಾಯದ್ವೀಪದಿಂದಲೇ. ಪೋರ್ಚುಗೀಸರು ತಮ್ಮ ‘ಕಾಸ್ತ’ ಎಂಬ ಮಾತನ್ನು ಹಡಗಿನಲ್ಲಿ ತಂದು ನಮ್ಮ ಸಮಾಜಕ್ಕೆ ಅಂಟಿಸಿದರು. ರೋಗ ನಮ್ಮದು, ಹೆಸರು ಅವರದು.

ಫಲಾಂಜ್ ಕನಸು ಕಂಡ ಸುವರ್ಣಯುಗ ಆ ರಾಜದಂಪತಿಗಳದ್ದು. ಆ ನೊಗವನ್ನು ಪಕ್ಷದವರು ಕೆಂಪು ದಾರದಲ್ಲಿ ಕಸೂತಿ ಮಾಡಿ ಅಂಗಿಯ ಎದೆಯ ಮೇಲೆ ಹಾಕಿಕೊಂಡರು.

ಅದೇ ಹೊತ್ತಿನಲ್ಲಿ ಅದೇ ದೇಶದಲ್ಲಿ ಇನ್ನೊಂದು ನೊಗವೂ ಇತ್ತು. ಪೋರ್ಚುಗಲ್ ಗಡಿಯ ಎಸ್ತ್ರೆಮದೂರ ಸೀಮೆಯಲ್ಲಿ ‘ಯುಂತೇರೊ’ ಎಂಬ ಜನರಿದ್ದರು. ನೊಗಕ್ಕೆ ಕಟ್ಟಿದ ಜೋಡಿಗೆ ಅಲ್ಲಿ ‘ಯುಂತ’ ಅನ್ನುತ್ತಾರೆ. ಒಂದು ಜೋಡಿ ಹೇಸರಗತ್ತೆ, ಒಂದು ನೊಗ, ಒಂದು ನೇಗಿಲು ಉಂಟು. ಉಳುವುದಕ್ಕೆ ಅಂಗೈ ಅಗಲ ಭೂಮಿ ಇಲ್ಲ. ಧಣಿ ಹೊಲ ಕೊಟ್ಟರೆ ಆ ವರ್ಷ ಗಂಜಿ, ಕೊಡದೆ ಕುರಿ ಮೇಯಲು ಬಿಟ್ಟರೆ ಉಪವಾಸ. ಪಕ್ಕದ ಆಂದಲೂಸಿಯದ ಕೂಲಿಗಳಿಗೆ ಅದೂ ಇಲ್ಲ. ನಸುಕಿನಲ್ಲೇ ಊರ ಚೌಕಕ್ಕೆ ಬಂದು ಸಾಲಾಗಿ ನಿಲ್ಲಬೇಕು. ಮೇಸ್ತ್ರಿ ಬಂದು ತೋಳು ನೋಡಿ, ಮುಖ ನೋಡಿ, ‘ನೀನು ಬಾ, ನೀನು ಬಾ’ ಎಂದು ಆರಿಸುತ್ತಾನೆ. ಸಂಘ ಸೇರಿದವನ ಮುಂದೆ ನಿಲ್ಲದೆ ದಾಟಿ ಹೋಗುತ್ತಾನೆ. ಮೆದಿನಸೆಲಿಯ ಡ್ಯೂಕ್ ಒಬ್ಬನ ಹೆಸರಿನಲ್ಲೇ ಸುಮಾರು 79,000 ಹೆಕ್ಟೇರ್, ಅಂದರೆ ಒಂದೂ ಮುಕ್ಕಾಲು ಲಕ್ಷ ಎಕರೆಗೂ ಮೀರಿದ ಭೂಮಿ ಇದ್ದ ದೇಶ ಅದು.

1931ರ ಏಪ್ರಿಲ್ 14ರಂದು ರಾಜ ದೇಶ ಬಿಟ್ಟ, ಗಣರಾಜ್ಯ ಬಂತು. ಹೆಂಗಸರಿಗೆ ಮತ ಸಿಕ್ಕಿತು. ಶಾಲೆಗಳು ಎದ್ದವು. ಹುಡುಗ ಹುಡುಗಿಯರು ಪುಸ್ತಕದ ಪೆಟ್ಟಿಗೆ, ಸಿನಿಮಾ ಯಂತ್ರ, ನಾಟಕದ ಸಾಮಾನು ಹೊತ್ತುಕೊಂಡು ರಸ್ತೆಯಿಲ್ಲದ ಹಳ್ಳಿಗಳಿಗೆ ಹೋದರು. 1932ರ ಸೆಪ್ಟೆಂಬರಿನಲ್ಲಿ ಭೂಸುಧಾರಣೆಯ ಕಾಯಿದೆಯೂ ಆಯಿತು. ಆದರೆ ಕಾಯಿದೆ ಕಾಗದದ ಮೇಲೆ ಓಡಿದಷ್ಟು ಬೇಗ ಹೊಲದ ಮೇಲೆ ಓಡಲಿಲ್ಲ. 1934ರ ಕೊನೆಯವರೆಗೆ ಭೂಮಿ ಸಿಕ್ಕ ಕುಟುಂಬಗಳು ಸುಮಾರು 12,000 ಮಾತ್ರ. ಕಾದಿದ್ದವರು ಲಕ್ಷಗಟ್ಟಲೆ.

ಇಲ್ಲಿ ನಾವು ನಮ್ಮ ಮೆಚ್ಚಿನ ಗಣರಾಜ್ಯದ ತಪ್ಪನ್ನೂ ಹೇಳಲೇಬೇಕು. 1933ರ ಜನವರಿಯಲ್ಲಿ ಕಾದಿಸ್ ಪ್ರಾಂತದ ಕಾಸಾಸ್ ವಿಯೇಹಾಸ್ ಎಂಬ ಹಳ್ಳಿಯ ಕೂಲಿಗಳು ಬಂಡೆದ್ದರು. ಸರ್ಕಾರದ ಪೊಲೀಸರು ಬಂದು ಒಂದು ಗುಡಿಸಲಿಗೆ ಬೆಂಕಿ ಇಟ್ಟು ಒಳಗಿದ್ದವರನ್ನು ಸುಟ್ಟರು; ಬೆಳಗಾದ ಮೇಲೆ ಸಿಕ್ಕವರನ್ನು ಹಿಡಿದು ತಂದು ಗುಂಡಿಟ್ಟರು. ಸತ್ತ ಹಳ್ಳಿಗರು ಇಪ್ಪತ್ತರಷ್ಟು. ಇದನ್ನು ಮಾಡಿದ್ದು ರಾಜನ ಸರ್ಕಾರ ಅಲ್ಲ, ಬಡವರ ಹೆಸರು ಹೇಳಿಕೊಂಡು ಬಂದ ಸರ್ಕಾರ. ಆ ವರ್ಷದ ನವೆಂಬರಿನಲ್ಲಿ ಚುನಾವಣೆ ಬಂದಾಗ ‘ಯಾರಿಗೂ ಓಟು ಬೇಡ’ ಎಂದು ಅರಾಜಕತಾವಾದಿಗಳು ಕರೆ ಕೊಟ್ಟರು. ಕಾದಿಸಿನಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಓಟು ಹಾಕಲಿಲ್ಲ. ಆ ಖಾಲಿ ಜಾಗದಲ್ಲಿ, ಬಲಪಂಥೀಯರ ಪಟ್ಟಿಯ ಮೇಲೆ, ಅದೇ ಕಾದಿಸಿನಿಂದ ಗೆದ್ದು ಸಂಸತ್ತಿಗೆ ಹೋದವನು ಯಾರು? ಹೊಸೆ ಆಂತೋನಿಯೊ ಪ್ರಿಮೊ ದೆ ರಿವೇರ. ಫಲಾಂಜಿನ ಸ್ಥಾಪಕ. ಕೂಲಿಗಳ ಬೂದಿ ಆರುವ ಮುಂಚೆಯೇ ಅದರ ಮೇಲೆ ಕಾಲಿಟ್ಟು ನಡೆದ.

ಈ ಹೊಸೆ ಆಂತೋನಿಯೊ ಯಾರು? 1923ರಿಂದ 1930ರವರೆಗೆ ಸ್ಪೇನನ್ನು ಆಳಿದ ಸರ್ವಾಧಿಕಾರಿ ಜನರಲ್ ಮಿಗೆಲ್ ಪ್ರಿಮೊ ದೆ ರಿವೇರನ ಹಿರಿಯ ಮಗ. ವಕೀಲ, ಮಾರ್ಕ್ವಿಸ್ ಬಿರುದಿನವನು, ಸುಂದರ, ಒಳ್ಳೆಯ ಮಾತುಗಾರ. 1933ರ ಅಕ್ಟೋಬರ್ 29ರಂದು ಮದ್ರಿದಿನ ‘ಕೊಮೇದಿಯ’ ಎಂಬ ರಂಗಮಂದಿರದಲ್ಲಿ ಅವನು ಮಾಡಿದ ಭಾಷಣವೇ ಪಕ್ಷದ ಹುಟ್ಟು. ಆ ಭಾಷಣವನ್ನು ಇವತ್ತು ಓದಿದರೂ ಮೈ ಜುಮ್ ಅನ್ನುತ್ತದೆ. ಅಪಾಯ ಇರುವುದೇ ಅಲ್ಲಿ. ಬಂಡವಾಳಶಾಹಿಯ ಸ್ವಾತಂತ್ರ್ಯ ಕೂಲಿಕಾರನಿಗೆ ಹಸಿದು ಸಾಯುವ ಸ್ವಾತಂತ್ರ್ಯವಾಗಿದೆ ಎಂದ. ಸಮಾಜವಾದ ಹುಟ್ಟಿದ್ದು ನ್ಯಾಯವಾಗಿಯೇ, ಆಮೇಲೆ ದಾರಿ ತಪ್ಪಿತು ಎಂದ. ನಮ್ಮಲ್ಲಿ ಯಾರೇ ಆಗಲಿ ಅಷ್ಟು ಹೊತ್ತಿಗೆ ಚಪ್ಪಾಳೆ ತಟ್ಟಿಬಿಡುತ್ತಿದ್ದೆವು! ಅಲ್ಲಿಂದ ಮುಂದೆ ಕೇಳಬೇಕು. ಮತಪೆಟ್ಟಿಗೆಗಳಿಗೆ ಒಡೆದುಹೋಗುವುದೇ ಶ್ರೇಷ್ಠವಾದ ಗತಿ ಎಂದ. ದೇಶಕ್ಕೆ ಏಟು ಬಿದ್ದಾಗ ಮುಷ್ಟಿ ಮತ್ತು ಪಿಸ್ತೂಲುಗಳ ವಾದವೇ ವಾದ ಎಂದ. ಕೊನೆಗೆ, ಜನಾಂಗಗಳನ್ನು ಕದಲಿಸಿದವರು ಕವಿಗಳು ಮಾತ್ರ ಎಂದ.

ಭಾಷಣದ ಈ ನಡಿಗೆಯನ್ನು ಗಮನಿಸಿ. ಹಸಿವಿನಿಂದ ಹೊರಟು ಪಿಸ್ತೂಲಿಗೆ ಬಂದು ಕಾವ್ಯದಲ್ಲಿ ಮುಗಿಯುತ್ತದೆ. ನಡುವೆ ಭೂಮಿಯನ್ನು ಯಾರಿಂದ ತೆಗೆದು ಯಾರಿಗೆ ಕೊಡುವುದು ಎಂಬ ಪ್ರಶ್ನೆಯೇ ಮಾಯ. ಹಸಿದವನ ಸಿಟ್ಟು ಇದೆ, ಹಸಿಸಿದವನ ಹೆಸರಿಲ್ಲ. ಆ ಹೆಸರು ಬರಬೇಕಾದ ಜಾಗದಲ್ಲಿ ‘ದೇಶ’ ಬಂದು ಕೂರುತ್ತದೆ. ಧಣಿ ಮತ್ತು ಕೂಲಿ ಇಬ್ಬರೂ ಒಂದೇ ದೇಶದ ಮಕ್ಕಳು, ಜಗಳ ಬೇಡ ಅನ್ನುತ್ತದೆ. ಜಗಳ ಬೇಡ ಅಂದರೆ ಭೂಮಿ ಈಗ ಯಾರ ಹತ್ತಿರ ಇದೆಯೋ ಅವರ ಹತ್ತಿರವೇ ಇರಲಿ ಅಂತ ತಾನೆ ಅರ್ಥ?

ಮಾತನ್ನು ಮಾತ್ರ ಕದ್ದರೆ? ಇಲ್ಲ. ಪಕ್ಷದ ಬಾವುಟ ಕೆಂಪು ಮತ್ತು ಕಪ್ಪು. ಆ ಎರಡು ಬಣ್ಣ ಸಿ.ಎನ್.ಟಿ. ಎಂಬ ಅರಾಜಕತಾವಾದಿ ಕಾರ್ಮಿಕ ಸಂಘಟನೆಯವು. ಚೌಕದಲ್ಲಿ ಮೇಸ್ತ್ರಿ ದಾಟಿ ಹೋಗುತ್ತಿದ್ದನಲ್ಲ, ಆ ಕೂಲಿಗಳ ಸಂಘದವು. ಅದನ್ನು ತಂದವನು ರಮಿರೊ ಲೆದೆಸ್ಮ ರಾಮೋಸ್. ಹಳ್ಳಿ ಮೇಷ್ಟರ ಮಗ, ಅಂಚೆ ಕಚೇರಿಯ ಗುಮಾಸ್ತ, ತತ್ವಶಾಸ್ತ್ರ ಓದಿದವನು. 1931ರಲ್ಲಿ ಅವನು, ವಯ್ಯದೊಲಿದ್‌ನ ಒನೆಸಿಮೊ ರೆದೊಂದೊ ಸೇರಿ ಕಟ್ಟಿದ ‘ಹೊನ್ಸ್’ ಎಂಬ ಗುಂಪು 1934ರ ಫೆಬ್ರವರಿಯಲ್ಲಿ ಫಲಾಂಜಿನ ಜೊತೆ ಕೂಡಿತು. ನೊಗಬಾಣಗಳ ಲಾಂಛನವೂ ಆ ಗುಂಪಿನ ಕಡೆಯಿಂದಲೇ ಬಂತು. ಆ ಅಕ್ಟೋಬರಿನಲ್ಲಿ ನೀಲಿ ಅಂಗಿ ಪಕ್ಷದ ಸಮವಸ್ತ್ರವಾಯಿತು. ಕಾರ್ಖಾನೆಯ ಕೆಲಸಗಾರ ತೊಡುವ ದಪ್ಪ ಬಟ್ಟೆಯ ನೀಲಿ ಅದು. ಒಬ್ಬರನ್ನೊಬ್ಬರು ‘ಕಾಮ್ರೇಡ್’ ಅಂದರು, ಬಹುವಚನ ಬಿಟ್ಟು ‘ನೀನು’ ಅಂದರು. ಬಾವುಟ ಕೂಲಿಯದು, ಅಂಗಿ ಕೂಲಿಯದು, ಸಂಬೋಧನೆ ಕೂಲಿಯದು. ಕೂಲಿ ಮಾತ್ರ ಇಲ್ಲ.

ಅದೇ 1934ರ ಅಕ್ಟೋಬರಿನಲ್ಲಿ ಆಸ್ತೂರಿಯಾಸಿನ ಗಣಿ ಕಾರ್ಮಿಕರು ದಂಗೆ ಎದ್ದು, ಸೈನ್ಯ ಅವರನ್ನು ತುಳಿಯುತ್ತಿತ್ತು. ಆಗ ನಮ್ಮ ನೀಲಿ ಅಂಗಿಯವರು ಎಲ್ಲಿದ್ದರು? ಮದ್ರಿದಿನ ಬೀದಿಯಲ್ಲಿ, ಸರ್ಕಾರಕ್ಕೆ ಜೈಕಾರ ಹಾಕುತ್ತಿದ್ದರು!

ಇನ್ನು ದುಡ್ಡು. ಯಾವ ಪಕ್ಷವನ್ನೂ ಓದುವಾಗ ಘೋಷಣೆಗಿಂತ ಮೊದಲು ಲೆಕ್ಕದ ಪುಸ್ತಕ ನೋಡಬೇಕು ಎಂಬುದು ನಮ್ಮ ನಂಬಿಕೆ. ಬ್ಯಾಂಕುಗಳ ರಾಷ್ಟ್ರೀಕರಣ, ಭೂಸುಧಾರಣೆ ಎಂದೆಲ್ಲ ತನ್ನ 27 ಅಂಶಗಳ ಕಾರ್ಯಕ್ರಮದಲ್ಲಿ ಬರೆದುಕೊಂಡ ಈ ಪಕ್ಷಕ್ಕೆ 1934ರಲ್ಲಿ ಹಣ ಕೊಡಲು ಒಪ್ಪಿದವರು ಓಡಿಹೋದ ರಾಜನನ್ನು ಮತ್ತೆ ಕರೆತರಲು ಹವಣಿಸುತ್ತಿದ್ದ ರಾಜಪಕ್ಷದ ಶ್ರೀಮಂತರು. 1935ರಿಂದ ಮುಸೊಲಿನಿಯ ಸರ್ಕಾರ ಪ್ಯಾರಿಸ್ಸಿನ ತನ್ನ ರಾಯಭಾರ ಕಚೇರಿಯ ಮೂಲಕ ತಿಂಗಳಿಗೆ 50,000 ಲೀರಾ ಕಳಿಸಿತು; ಆಮೇಲೆ ಅರ್ಧಕ್ಕೆ ಇಳಿಸಿತು. ದೇಶಭಕ್ತಿಯ ಪಕ್ಷಕ್ಕೆ ಪರದೇಶದ ಸಂಬಳ. ಬ್ಯಾಂಕು ಕಿತ್ತುಕೊಳ್ಳುತ್ತೇನೆ ಅನ್ನುವವನಿಗೆ ಬ್ಯಾಂಕಿನವನೇ ದುಡ್ಡು ಕೊಟ್ಟರೆ ಅದರ ಅರ್ಥ ಏನು? ಕಿತ್ತುಕೊಳ್ಳುವುದಿಲ್ಲ ಅಂತ ಅವನಿಗೆ ಗೊತ್ತಿದೆ.

ಇಷ್ಟೆಲ್ಲ ಆದರೂ ಜನ ಮೋಸ ಹೋಗಲಿಲ್ಲ. ಇದು ನಾವು ಮರೆಯಬಾರದ ಸಂಗತಿ. 1936ರ ಫೆಬ್ರವರಿ 16ರ ಚುನಾವಣೆಯಲ್ಲಿ ಎಡಪಕ್ಷಗಳ ‘ಜನತಾ ರಂಗ’ ಗೆದ್ದಿತು. ಫಲಾಂಜಿಗೆ ಬಂದದ್ದು ಇಡೀ ದೇಶದಲ್ಲಿ ನೂರಕ್ಕೆ ಒಂದು ಓಟೂ ಅಲ್ಲ. ಒಂದು ಸೀಟೂ ಇಲ್ಲ. ಹೊಸೆ ಆಂತೋನಿಯೊ ಕೂಡ ಸೋತ. ಓದು ಬರಹ ಬಾರದ ಕೂಲಿಗೆ ಕಸೂತಿಯ ನೊಗ ಯಾವುದು, ಹೆಗಲು ಒರೆಸುವ ನೊಗ ಯಾವುದು ಎಂಬುದು ಚೆನ್ನಾಗಿ ಗೊತ್ತಿತ್ತು.

ಹಾಗಾದರೆ ಈ ಪುಡಿ ಪಕ್ಷ ಬೆಳೆದದ್ದು ಹೇಗೆ? ಗೆದ್ದ ಬಡವರು ಸುಮ್ಮನೆ ಕೂರಲಿಲ್ಲ ಎಂಬುದೇ ಕಾರಣ. ಹಿಂದಿನ ಎರಡು ವರ್ಷ ಬಲಪಂಥೀಯರ ಸರ್ಕಾರ ಇದ್ದಾಗ ಕೆಲಸ ಕೇಳಿಕೊಂಡು ಹೋದ ಕೂಲಿಗೆ ‘ಹೋಗಿ ನಿಮ್ಮ ಗಣರಾಜ್ಯವನ್ನೇ ತಿನ್ನಿ’ ಅಂದಿದ್ದರು ಧಣಿಗಳು. ಆ ಮಾತು ಎದೆಯಲ್ಲಿ ಉಳಿದಿತ್ತು. 1936ರ ಮಾರ್ಚ್ 25ರ ನಸುಕಿನಲ್ಲಿ ಎಸ್ತ್ರೆಮದೂರದ ಸುಮಾರು 60,000 ರೈತಕೂಲಿಗಳು, ಯುಂತೇರೊಗಳು, ನೊಗ ನೇಗಿಲು ಹೊತ್ತು ಏಕಕಾಲಕ್ಕೆ ಬೀಳು ಬಿಟ್ಟ ಹೊಲಗಳಿಗೆ ನಡೆದರು. ಗಣರಾಜ್ಯಕ್ಕೆ ಜೈ ಅಂದರು, ಗುರುತು ಹಾಕಿದರು, ಉಳಲು ಶುರು ಮಾಡಿದರು. ಸ್ಪೇನಿನ ಚರಿತ್ರೆಯಲ್ಲಿ ನೊಗ ತನ್ನ ಅರ್ಥ ತಾನೇ ಹೇಳಿದ ದಿನ ಅದು.

ಧಣಿಗಳ ಎದೆ ಒಡೆದದ್ದೂ ಆ ದಿನವೇ. ಅಲ್ಲಿಯವರೆಗೆ ಅವರು ನೆಚ್ಚಿದ್ದು ‘ಸೇದ’ ಎಂಬ ದೊಡ್ಡ ಕ್ಯಾಥೊಲಿಕ್ ಪಕ್ಷವನ್ನು. ಓಟಿನಿಂದ ಭೂಮಿ ಉಳಿಯುವವರೆಗೆ ಓಟು ಸರಿ ಇತ್ತು. ಈಗ ಓಟಿನಿಂದಲೇ ಭೂಮಿ ಹೋಗುತ್ತದೆ ಅನ್ನುವಾಗ ಆ ಪಕ್ಷದ ಯುವಕರು ಹಿಂಡು ಹಿಂಡಾಗಿ ಫಲಾಂಜಿಗೆ ಬಂದರು. ಮಾರ್ಚಿನಲ್ಲೇ ನಾಯಕ ಜೈಲು ಸೇರಿದ್ದ, ಪಕ್ಷಕ್ಕೆ ನಿಷೇಧ ಬಿದ್ದಿತ್ತು. ಆದರೂ ಅದು ಊದಿಕೊಂಡಿತು. ಜುಲೈ 17, 18ರಂದು ಜನರಲ್‌ಗಳು ದಂಗೆ ಎದ್ದರು. ಕೆಲವು ಸಾವಿರದ ಪಕ್ಷ ಕೆಲವೇ ತಿಂಗಳಲ್ಲಿ ಲಕ್ಷಗಳಿಗೆ ಏರಿತು. ಹಿಂದೆ ಎಡಪಂಥದಲ್ಲಿದ್ದವರೂ ಜೀವ ಉಳಿಸಿಕೊಳ್ಳಲು ನೀಲಿ ಅಂಗಿ ತೊಟ್ಟರು.

1936ರ ಆಗಸ್ಟ್ 14ರಂದು ದಂಗೆಕೋರರ ಸೈನ್ಯ ಎಸ್ತ್ರೆಮದೂರದ ಬಾದಹೋಸ್ ನಗರವನ್ನು ಹಿಡಿಯಿತು. ಜೇ ಆಲೆನ್ ಎಂಬ ಅಮೆರಿಕದ ಪತ್ರಕರ್ತ ಆ ದಿನಗಳ ಬಗ್ಗೆ ಬರೆದ ವರದಿಯಲ್ಲಿ ಒಂದು ವಿವರ ಇದೆ. ಸಿಕ್ಕಿದವರ ಅಂಗಿ ಸರಿಸಿ ಹೆಗಲು ನೋಡುತ್ತಿದ್ದರಂತೆ. ಬಂದೂಕಿನ ಹಿಂಬಡಿತಕ್ಕೆ ಕಂದಿದ ಗುರುತು ಇದ್ದರೆ ಗೂಳಿಕಾಳಗದ ಅಖಾಡಕ್ಕೆ ಒಯ್ದು ಗುಂಡಿಡುತ್ತಿದ್ದರು. ಜೀವಮಾನವೆಲ್ಲ ಹೊರೆ ಹೊತ್ತ ಹೆಗಲಿನ ಮೇಲೆ ಯಾವ ಗುರುತು ಬಂದೂಕಿನದು, ಯಾವುದು ದುಡಿಮೆಯದು ಎಂದು ಯಾರು ನಿಂತು ನೋಡುತ್ತಾರೆ? ಆ ನಗರದಲ್ಲಿ ಸತ್ತವರು ಸಾವಿರಕ್ಕೂ ಹೆಚ್ಚು. ಸುತ್ತಲ ಹಳ್ಳಿಗಳಲ್ಲಿ ಮಾರ್ಚಿನಲ್ಲಿ ಉತ್ತವರನ್ನು ಹುಡುಕಿ ಹುಡುಕಿ ಹಿಡಿದುಕೊಡಲು ನೀಲಿ ಅಂಗಿಯವರು ಇದ್ದರು. ಎದೆಯ ಮೇಲೆ ನೊಗ ಇದ್ದವರು ಹೆಗಲ ಮೇಲೆ ನೊಗ ಹೊತ್ತವರನ್ನು ಕೊಂದರು. ಫಲಾಂಜಿನ ಇಡೀ ಸಾಹಿತ್ಯಕ್ಕೆ ಇದೇ ಭಾಷ್ಯ.

ನಾಲ್ಕೇ ದಿನಗಳ ಆಚೆ ಗ್ರಾನಾದದ ಹೊರಗೆ ಲೋರ್ಕಾನನ್ನು ಕೊಂದರು. ಹೆದರಿದ ಲೋರ್ಕಾ ಅಡಗಿದ್ದುದು ಲೂಯಿಸ್ ರೊಸಾಲೆಸ್ ಎಂಬ ಕವಿಯ ಮನೆಯಲ್ಲಿ. ಆ ಮನೆಯ ಅಣ್ಣತಮ್ಮಂದಿರು ಫಲಾಂಜಿನವರೇ. ಆದರೂ ಅಲ್ಲಿಂದ ಎಳೆದೊಯ್ದರು. ಕವಿಗಳೇ ಜನಾಂಗವನ್ನು ಕದಲಿಸುವವರು ಎಂದ ಪಕ್ಷಕ್ಕೆ ತನ್ನ ಮನೆಯೊಳಗಿದ್ದ ಒಬ್ಬ ಕವಿಯನ್ನು ಉಳಿಸುವ ತಾಕತ್ತಿರಲಿಲ್ಲ. ಲೋರ್ಕಾನ ಹೆಸರನ್ನು ಲೋಕವೆಲ್ಲ ನೆನೆಯುತ್ತದೆ. ಅವನ ಜೊತೆ ಅದೇ ರಾತ್ರಿ ಸತ್ತವರನ್ನು? ಇಬ್ಬರು ಗೂಳಿಕಾಳಗದ ಆಳುಗಳು, ಅರಾಜಕತಾವಾದಿಗಳು. ಇನ್ನೊಬ್ಬ ದಿಯೋಸ್ಕೊರೊ ಗಲಿಂದೊ, ಪಕ್ಕದ ಹಳ್ಳಿಯ ಶಾಲೆಯ ಕುಂಟುಗಾಲಿನ ಮೇಷ್ಟ್ರು. ಈ ಪತ್ರಿಕೆ ಓದುವ ಹಳ್ಳಿ ಮೇಷ್ಟ್ರುಗಳು ಆ ಹೆಸರನ್ನು ನೆನಪಿಟ್ಟುಕೊಳ್ಳಬೇಕು. ಆ ನವೆಂಬರಿನಲ್ಲಿ ಶಿಕ್ಷಕರನ್ನು ‘ಶುದ್ಧಿ’ ಮಾಡುವ ಸಮಿತಿಗಳೇ ಬಂದವು. ಮತ್ತೆ ಅದೇ ಪದ, ಶುದ್ಧಿ! ಸಾವಿರಾರು ಮೇಷ್ಟ್ರುಗಳು ಕೆಲಸ ಕಳೆದುಕೊಂಡರು, ನೂರಾರು ಮಂದಿ ಪ್ರಾಣವನ್ನೇ.

ಗಣರಾಜ್ಯದ ಕಡೆಯೂ ಕೊಲೆಗಳಾದವು. ಮುಚ್ಚಿಡುವುದು ಬೇಡ. ಇತಿಹಾಸಕಾರರ ಲೆಕ್ಕದಲ್ಲಿ ರಣರಂಗದ ಹೊರಗೆ ಆ ಕಡೆ ಸುಮಾರು 50,000, ಫ್ರಾಂಕೊ ಕಡೆ ಅದಕ್ಕೆ ಎರಡೂವರೆ ಪಾಲಿಗೂ ಹೆಚ್ಚು. ಸಾವಿರಾರು ಪಾದ್ರಿಗಳು ಸತ್ತರು. ಲೆದೆಸ್ಮನನ್ನು ಮದ್ರಿದಿನ ಜೈಲಿನಿಂದ ಎಳೆದು ವಿಚಾರಣೆಯಿಲ್ಲದೆ ಕೊಂದರು. ಹೊಸೆ ಆಂತೋನಿಯೊನನ್ನು 1936ರ ನವೆಂಬರ್ 20ರಂದು ಅಲಿಕಾಂತೆಯ ಜೈಲಿನಲ್ಲಿ, ವಿಚಾರಣೆ ಮಾಡಿ, ಗುಂಡಿಟ್ಟರು. ಅದರಿಂದ ಲಾಭವಾದದ್ದು ಫ್ರಾಂಕೊಗೆ. ಬದುಕಿದ್ದರೆ ಎದುರಾಡಬಹುದಾಗಿದ್ದ ನಾಯಕ ಸತ್ತು ಬಾಯಿಲ್ಲದ ದೇವರಾದ.

ಆ ದೇವರ ಪೂಜಾರಿಯಾಗಿ ಫ್ರಾಂಕೊ ಪಕ್ಷವನ್ನೇ ನುಂಗಿದ. 1937ರ ಏಪ್ರಿಲ್ 19ರ ಒಂದು ಆಜ್ಞೆಯಿಂದ ಫಲಾಂಜ್, ಹಳೆಯ ರಾಜನಿಷ್ಠ ಕಾರ್ಲಿಸ್ಟರು ಎಲ್ಲರನ್ನೂ ಒಂದೇ ಚೀಲಕ್ಕೆ ತುಂಬಿ ಬಾಯಿ ಕಟ್ಟಿದ. ತಾನೇ ನಾಯಕ ಎಂದ. ಒಪ್ಪದೆ ನಿಂತವನು ಮನುವೆಲ್ ಎದಿಯ್ಯ, ಮೊದಲು ಮೆಕ್ಯಾನಿಕ್ ಆಗಿದ್ದವನು. ಕೂಲಿಯ ಅಂಗಿಯ ಪಕ್ಷದಲ್ಲಿ ನಿಜವಾಗಿ ಕೈ ಕೆಸರು ಮಾಡಿಕೊಂಡಿದ್ದ ಒಬ್ಬ ಮುಂದಾಳಿಗೆ ಸಿಕ್ಕದ್ದು ಮರಣದಂಡನೆಯ ತೀರ್ಪು. ಆಮೇಲೆ ಅದು ವರ್ಷಗಳ ಜೈಲಾಯಿತು.

ಎದಿಯ್ಯ, ಲೆದೆಸ್ಮ ಇವರೆಲ್ಲ ಕಪಟಿಗಳಾಗಿದ್ದರೆ? ಇಲ್ಲ ಅನ್ನಿಸುತ್ತದೆ. ಕೆಲವರು ತಮ್ಮ ಮಾತನ್ನು ತಾವೇ ನಂಬಿದ್ದರು. ಪಕ್ಷದ ಹಾಡು ‘ಕಾರ ಅಲ್ ಸೋಲ್’ ಕಟ್ಟಲು 1935ರ ಡಿಸೆಂಬರಿನಲ್ಲಿ ಕೂತ ಕವಿಗಳಲ್ಲಿ ದಿಯೊನಿಸಿಯೊ ರಿದ್ರುಯೆಹೊ ಎಂಬವನಿದ್ದ. ಯುದ್ಧದಲ್ಲಿ ಪ್ರಚಾರದ ಮುಖ್ಯಸ್ಥನಾದ. 1942ರಲ್ಲಿ ಕಣ್ಣು ತೆರೆದು ರಾಜೀನಾಮೆ ಕೊಟ್ಟ, ಗಡಿಪಾರಾದ, ಕೊನೆಯವರೆಗೂ ಫ್ರಾಂಕೊನನ್ನು ವಿರೋಧಿಸಿದ. ಅವನ ಪ್ರಾಮಾಣಿಕತೆಗೆ ನಮ್ಮ ಗೌರವ ಇದೆ. ಆದರೆ ಬಾದಹೋಸಿನ ಹೆಗಲುಗಳಿಗೆ ಆ ಪ್ರಾಮಾಣಿಕತೆಯಿಂದ ಏನು ಬಂತು? ಬರೆಯುವವನ ಮನಸ್ಸು ಶುದ್ಧ ಇದ್ದರೆ ಸಾಕು ಅನ್ನುವ ವಿಮರ್ಶೆ ಇಲ್ಲಿ ಸೋಲುತ್ತದೆ. ಮಾತು ಒಮ್ಮೆ ಬಾಯಿ ಬಿಟ್ಟ ಮೇಲೆ ಯಾರ ಮನೆಯಲ್ಲಿ ದುಡಿಯುತ್ತದೆ ಎಂಬುದನ್ನೂ ವಿಮರ್ಶೆ ಕೇಳಬೇಕು.

ಅಧಿಕಾರ ಬಂದ ಮೇಲೆ ಆ ‘ಕ್ರಾಂತಿ’ ಏನು ಮಾಡಿತು? ಯುಂತೇರೊಗಳು ಉತ್ತಿದ್ದ ಭೂಮಿ ಹಳೆಯ ಧಣಿಗಳಿಗೆ ವಾಪಸ್ಸು ಹೋಯಿತು. 1938ರ ಕಾರ್ಮಿಕ ಸನ್ನದಿನ ಹೆಸರಿನಲ್ಲಿ ಮಾಲೀಕ, ಕೂಲಿ ಇಬ್ಬರನ್ನೂ ಒಂದೇ ಸರ್ಕಾರಿ ಸಂಘದಲ್ಲಿ ಕೂರಿಸಿ, ಮುಷ್ಕರವನ್ನು ದೇಶದ್ರೋಹ ಮಾಡಿದರು. ಹೆಂಗಸರಿಗೆ 1932ರಲ್ಲಿ ಸಿಕ್ಕಿದ್ದ ವಿಚ್ಛೇದನದ ಹಕ್ಕನ್ನು ಕಿತ್ತುಕೊಂಡರು. ಹೊಸೆ ಆಂತೋನಿಯೊನ ತಂಗಿ ಪಿಲಾರ್ ನಡೆಸಿದ ಮಹಿಳಾ ವಿಭಾಗ ಅವರಿಗೆ ಅಡುಗೆ, ಹೊಲಿಗೆ, ವಿಧೇಯತೆ ಕಲಿಸಿತು. ಕೆಂಪು ಕಪ್ಪು ಬಾವುಟ ಮಾತ್ರ ಸರ್ಕಾರಿ ಕಟ್ಟಡಗಳ ಮೇಲೆ ನಲವತ್ತು ವರ್ಷ ಹಾರಿತು. 1975ರಲ್ಲಿ ಫ್ರಾಂಕೊ ಸತ್ತ. 1977ರಲ್ಲಿ ಪಕ್ಷದ ಯಂತ್ರ ವಿಸರ್ಜನೆಯಾಯಿತು. ಕೈದಿಗಳ ದುಡಿಮೆಯೂ ಸೇರಿ ಎದ್ದ ಬೃಹತ್ ಗೋರಿಗುಡಿಯಿಂದ ಫ್ರಾಂಕೊನ ಹೆಣವನ್ನು 2019ರಲ್ಲಿ, ಹೊಸೆ ಆಂತೋನಿಯೊನದನ್ನು 2023ರಲ್ಲಿ ಹೊರತೆಗೆದು ಸಾಮಾನ್ಯ ಸ್ಮಶಾನಗಳಿಗೆ ಕಳಿಸಿದರು. ರಸ್ತೆ ಬದಿಯ ಗುಂಡಿಗಳಲ್ಲಿ ಹೂತ ಕೂಲಿಗಳ, ಮೇಷ್ಟ್ರುಗಳ ಎಲುಬುಗಳನ್ನು ಮೊಮ್ಮಕ್ಕಳು ಇನ್ನೂ ಹುಡುಕುತ್ತಿದ್ದಾರೆ. ಲೋರ್ಕಾ ಮತ್ತು ಗಲಿಂದೊ ಮೇಷ್ಟ್ರು ಮಲಗಿರುವ ಜಾಗ ಇನ್ನೂ ಸಿಕ್ಕಿಲ್ಲ.

ಫಲಾಂಜಿನ ಕವಿಗಳ ಎದುರಿಗೆ ಇನ್ನೊಬ್ಬ ಕವಿಯನ್ನು ಇಟ್ಟು ಮುಗಿಸುತ್ತೇವೆ. ಮಿಗೆಲ್ ಎರ್ನಾಂದೆಸ್, ಒರಿವೆಲದ ಆಡು ಕಾಯುವ ಹುಡುಗ. ಬೆಟ್ಟದ ಮೇಲೆ ಆಡು ಬಿಟ್ಟು ಪುಸ್ತಕ ಓದಿ ಕವಿಯಾದವನು. ಗಣರಾಜ್ಯದ ಪರ ಕಂದಕಗಳಲ್ಲಿ ನಿಂತು ಸೈನಿಕರಿಗೆ ಕವನ ಓದಿದ. ಹಾಯೆನ್ ಸೀಮೆಯ ಆಲಿವ್ ಕೂಲಿಗಳ ಮೇಲೆ ಬರೆದ. 1942ರ ಮಾರ್ಚ್ 28ರಂದು ಅಲಿಕಾಂತೆಯ ಜೈಲಿನಲ್ಲಿ ಕ್ಷಯದಿಂದ ಸತ್ತ. ಅವನೂ ನೊಗದ ಮಾತಾಡಿದ್ದಾನೆ, ಫಲಾಂಜಿನವರೂ ಆಡಿದ್ದಾರೆ. ಪದ ಒಂದೇ, ಹೆಗಲು ಬೇರೆ.

ಆದ್ದರಿಂದ ಗೆಳೆಯರೆ, ಸಿಟ್ಟಿನ ಮಾತು ಕೇಳಿದ ಕೂಡಲೇ ಅದು ನಮ್ಮದು ಅಂದುಕೊಳ್ಳುವುದು ಬೇಡ. ನಾವು ಬರೆದದ್ದೂ ಸೇರಿ ಯಾವುದೇ ಬಿಸಿ ಮಾತನ್ನು ನಿಲ್ಲಿಸಿ ಮೂರು ಪ್ರಶ್ನೆ ಕೇಳೋಣ. ಹಸಿದವನ ಜೊತೆ ಹಸಿಸಿದವನ ಹೆಸರನ್ನೂ ಹೇಳುತ್ತದೆಯೆ? ಇದಕ್ಕೆ ದುಡ್ಡು ಯಾರದು? ಭೂಮಿ ಉಳುವವನು ನಾಳೆ ನಿಜವಾಗಿ ಹೊಲಕ್ಕೆ ಇಳಿದರೆ ಈ ಮಾತು ಯಾವ ಕಡೆ ನಿಲ್ಲುತ್ತದೆ?

ಮೂರಕ್ಕೂ ಉತ್ತರ ಸಿಗುವವರೆಗೆ ಚಪ್ಪಾಳೆ ತಡೆದಿಟ್ಟುಕೊಳ್ಳೋಣ.